ಅಡವಿಗೆ ತುಸು ಕತ್ತಲಿ ಇರ್ಲಿ ಬಿಡ್ರಿ: ಫೋಟೋ ಬಗ್ಗೆ ಓದುಗರ ಪ್ರಶ್ನೆ, ಉತ್ತರ

ಹೋದ ಸಂಚಿಕೆದಾಗ ಮಳಿಗಾಲದ ಅಡವಿ ಫೋಟೋ ಕಳಸ್ರಿ, ಜೊತಿಗೆ ಪ್ರಶ್ನೇನೂ ಬರೀರಿ ಅಂತ ಕೇಳಿದ್ವಿ. ಬೆಳಗಾವಿ, ಗೋಕಾಕ, ಬೀಳಗಿ, ಜಮಖಂಡಿ, ವಿಜಯಪುರ ಎಲ್ಲಾ ಕಡೆಯಿಂದ ಬಂದಾವ, ಭಾಳ ಖುಷಿ ಆತು. ನಾ ಬೆಳಗಾವ್ಯಾಗ ಸಣ್ಣದೊಂದು ಫೋಟೋ ಪ್ರಿಂಟಿಂಗ್ ಲ್ಯಾಬ್ ನಡಸಾಕಿ, ದಿನಾ ಮಂದಿ ತಗದ ಫೋಟೋ ಕಾಗದದ ಮ್ಯಾಲ ಇಳಿಯೋದ ನೋಡಾಕಿ, ರವಿವಾರ ಬಂತಂದ್ರ ಖಾನಾಪುರ ರೋಡ್ ಹಿಡ್ಯಾಕಿ. ಎಲ್ಲಾ ಪತ್ರಕ್ಕ ಜಾಗಾ ಸಾಲಂಗಿಲ್ಲ, ಒಂದ ನಮೂನಿ ಇದ್ದ ಪ್ರಶ್ನೆ ಕೂಡಿಸಿ ಕೊಟ್ಟೀನಿ.

ಪ್ರಶ್ನೆ: ಅಕ್ಕಾರ ನಮಸ್ಕಾರ. ಆಗಸ್ಟ್‌ನ್ಯಾಗ ಗೆಳ್ಯಾರು ಕೂಡಿ ಖಾನಾಪುರ ತಾಲೂಕಿನ ಜಾಂಬೋಟಿ ದಾಟಿ ಕಣಕುಂಬಿ ತನಕ ಹೋಗಿ ಬಂದ್ವಿ. ಅಡವಿ ನೋಡಿ ನನಗ ಮಾತ ಬರ್ಲಿಲ್ಲ, ಅಷ್ಟು ಚಂದ ಇತ್ತು. ಮನಿಗೆ ಬಂದು ಕಂಪ್ಯೂಟರ್‌ನ್ಯಾಗ ಹಾಕಿ ನೋಡಿದ್ರ ಬರೇ ಟೊಂಗಿ, ತಪ್ಪಲ, ಗಜಿಬಿಜಿ. 200 ಫೋಟೋದಾಗ ಒಂದೂ ಮನಸ್ಸಿಗೆ ಬರ್ಲಿಲ್ಲ. ಕ್ಯಾಮೆರಾ ಬದ್ಲಿ ಮಾಡ್ಬೇಕೇನ್ರಿ? ಒಂದು ಫೋಟೋ ಜೊತಿಗಿಟ್ಟೀನಿ.
(ಬ್ಯಾಂಕ್ ನೌಕರರು, ಟಿಳಕವಾಡಿ, ಬೆಳಗಾವಿ)

ಉತ್ತರ: ಕ್ಯಾಮೆರಾ ಬದ್ಲಿ ಮಾಡಬ್ಯಾಡ್ರಿ ಸರ್, ರೊಕ್ಕ ಉಳಸ್ರಿ. ನಿಮ್ಮ ಕಣ್ಣಿಗೆ ಚಂದ ಕಂಡಿದ್ದು ಖರೇನ ಐತಿ, ಫೋಟೋದಾಗ ಗಜಿಬಿಜಿ ಆಗಿದ್ದೂ ಖರೇನ ಐತಿ, ಎರಡಕ್ಕೂ ಕಾರಣ ಒಂದ. ಎರಡು ಕಣ್ಣು ಇರೋದಕ್ಕ ನಮಗ ಯಾವ ಗಿಡ ಮುಂದ ಐತಿ, ಯಾವುದು ಹಿಂದ ಐತಿ ಅನ್ನೋದು ತಾನ ತಿಳೀತೈತಿ, ಬ್ಯಾಡಾದ ಕಂಟಿ ಮನಸ್ಸು ತಾನ ಬಿಟ್ಟು ನೋಡ್ತೈತಿ. ಕ್ಯಾಮೆರಾಕ್ಕ ಒಂದ ಕಣ್ಣು. ಹತ್ತು ಮಾರಿನ ಮ್ಯಾಲಿನ ಗಿಡಾನೂ ನೂರು ಮಾರಿನ ಮ್ಯಾಲಿನ ಗಿಡಾನೂ ಒಂದ ಗ್ವಾಡಿಗೆ ಅಂಟಿಸಿದಂಗ ತೋರಸ್ತೈತಿ. ಅದಕ್ಕ ಅಡವ್ಯಾಗ ಫೋಟೋ ತಗಿಯೋದಂದ್ರ ಏನು ಬಿಡ್ಬೇಕು ಅನ್ನೋ ಕೆಲಸಾನ ಹೆಚ್ಚು.

ನಿಮ್ಮ ಫೋಟೋ ದೊಡ್ಡದು ಮಾಡಿ ನೋಡ್ದೆ. 18 ಎಂಎಂದಾಗ, ಅಂದ್ರ ಭಾಳ ಅಗಲ ತೋರಿಸೋ ಲೆನ್ಸಿನ್ಯಾಗ ತಗದೀರಿ, ಮ್ಯಾಲ ಮುಗಲು ನಾಕೈದು ಕಡೆ ಬೆಳ್ಳಗ ತೂತು ಬಿದ್ದಂಗ ಕಾಣಸ್ತೈತಿ, ಎಡಕ್ಕ ಅರ್ಧಾ ಬೊಡ್ಡಿ ಕತ್ತರಿಸಿ ಹೋಗೇತಿ, ಕೆಳಗ ಬಲಕ್ಕ ಒಂದು ಅಗಲ ಎಲಿ ಮಳಿ ನೀರಿಗೆ ಕನ್ನಡಿಗತೆ ಹೊಳ್ಯಾಕತ್ತೇತಿ. ನೋಡೋರ ಕಣ್ಣು ಮೊದ್ಲು ಆ ಮುಗಲಿಗೆ, ಆಮ್ಯಾಲ ಆ ಎಲಿಗೆ ಓಡ್ತೈತಿ. ನಡುವ ಒಂದು ಚಂದಾದ ಮತ್ತಿ ಗಿಡ ಐತಿ, ಮಸಳಿ ಚರ್ಮದಂಥ ಅದರ ತೊಗಟಿ ಎಷ್ಟು ಚಂದ ತೊಯ್ದೇತಿ, ಅದನ್ನ ಯಾರೂ ನೋಡಂಗಿಲ್ಲ. ಅದ ಜಾಗಾದಾಗ ನಿಂತು 55-250 ಎಂಎಂ ಥರಾ ದೂರದ್ದು ಹತ್ರ ತೋರಿಸೋ ಲೆನ್ಸ್ ಹಾಕಿ 100 ಎಂಎಂ ಆಸುಪಾಸು ತಗದಿದ್ರ ಮುಗಲೂ ಹೋಗ್ತಿತ್ತು, ಆ ಎಲೀನೂ ಹೋಗ್ತಿತ್ತು, ಗಿಡ ಉಳೀತಿತ್ತು. ಅಡವಿಗೆ ವೈಡ್ ಲೆನ್ಸ್ ಬೇಕು ಅಂತ ಎಲ್ಲಾರೂ ಹೇಳ್ತಾರ, ನನ್ನ ಅನುಭವದಾಗ ಹತ್ತರಾಗ ಏಳು ಫೋಟೋ 70ರಿಂದ 200ರ ಒಳಗನ ಆಗ್ಯಾವ.

ಕ್ಲಿಕ್ ಮಾಡೋಕಿಂತ ಮೊದ್ಲು ಚೌಕಟ್ಟಿನ ನಾಕೂ ಅಂಚು ಒಂದು ಸುತ್ತು ಕಣ್ಣಾಡಸ್ರಿ. ಬೊಡ್ಡಿ ಒಂದಕ್ಕೊಂದು ಮುಚ್ಚಿಕೊಂಡಿದ್ರ ಎರಡು ಹೆಜ್ಜಿ ಎಡಕ್ಕ, ಇಲ್ಲಂದ್ರ ಬಲಕ್ಕ ಸರೀರಿ, ಬೊಡ್ಡಿ ಬೊಡ್ಡಿ ನಡುವ ತುಸು ಸಂದು ಕಂಡ್ರ ಸಾಕು, ಫೋಟೋ ಉಸರಾಡ್ತೈತಿ. ಮಂಜು ಬಂದ್ರ ಈ ಕೆಲಸ ಅರ್ಧಾ ತಾನ ಆಗ್ತೈತಿ, ದೂರದ ಗಿಡ ತೆಳ್ಳಗ, ಹತ್ರದ್ದು ದಟ್ಟಗ, ಪದರ ಪದರ ಬಿಡಿಸಿ ಕೊಡ್ತೈತಿ. ಆದ್ರ ಮಂಜಿನ್ಯಾಗ ಕ್ಯಾಮೆರಾದ ಮೀಟರ್ ಮೋಸ ಹೋಗ್ತೈತಿ, ಎಲ್ಲಾ ಬೆಳ್ಳಗ ಐತಿ ಅಂತ ತಿಳದು ಬೆಳಕು ಕಡಿಮಿ ಮಾಡಿ ಮಂಜನ್ನ ಬೂದಿ ಬಣ್ಣಕ್ಕ ತರ್ತೈತಿ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಬೆಳಕು ಹೆಚ್ಚು ಕಡಿಮಿ ಮಾಡೋ ಸೆಟ್ಟಿಂಗ್) +0.7 ಇಲ್ಲಾ +1 ಇಡ್ರಿ, ಹಿಸ್ಟೋಗ್ರಾಮ್ (ಕತ್ತಲಿ ಬೆಳಕಿನ ನಕ್ಷೆ) ಬಲಗಡೆ ಗ್ವಾಡಿಗೆ ಹತ್ತದಂಗ ನೋಡ್ಕೊಳ್ರಿ.

ಪೋಲರೈಸರ್ ಫಿಲ್ಟರ್ ಒಂದು ತಗೊಳ್ರಿ, ಖರ್ಚು ಮಾಡೋದಾದ್ರ ಅದಕ್ಕ ಮಾಡ್ರಿ. ತೊಯ್ದ ಎಲಿ ಮ್ಯಾಲಿನ ಬಿಳಿ ಹೊಳಪು ತಗದು ಎಲಿ ಒಳಗಿನ ಬಣ್ಣ ಹೊರಗ ತರ್ತೈತಿ, ಅದನ್ನ ಎಡಿಟಿಂಗ್‌ನ್ಯಾಗ ಮಾಡ್ಲಿಕ್ಕ ಆಗಂಗಿಲ್ಲ. ಒಂದರಿಂದ ಎರಡು ಸ್ಟಾಪ್ ಬೆಳಕು ತಿಂತೈತಿ (ಒಂದು ಸ್ಟಾಪ್ ಕಡಿಮಿ ಅಂದ್ರ ಬೆಳಕು ಅರ್ಧಾ ಆದಂಗ), ಟ್ರೈಪಾಡ್ ಬೇಕಾಗ್ತೈತಿ. ಫಿಲ್ಟರ್ ತಿರಗಸ್ತಾ ನೋಡ್ತಾ ಇರ್ರಿ, ಪೂರಾ ಹೊಳಪು ತಗೀಬ್ಯಾಡ್ರಿ ಮತ್ತ, ಮಳಿ ಬಂದೇತಿ ಅನ್ನೋ ಗುರುತು ಆ ಹೊಳಪಿನ್ಯಾಗನ ಇರ್ತೈತಿ.

ಇನ್ನೊಂದು ಮಾತು. ಒಂದ ದಿನಕ್ಕ 200 ಫೋಟೋ ಬ್ಯಾಡ್ರಿ, ಒಂದ ಗಿಡಕ್ಕ ಹತ್ತು ಸಲ ಹೋಗ್ರಿ. ಜಾಂಬೋಟಿ ದಾಟಿದ ಮ್ಯಾಲ ರೋಡಿನ ತಿರುವಿನ್ಯಾಗ ಒಂದು ನಂದಿ ಗಿಡ ಐತಿ, ನಾಕು ಮಳಿಗಾಲದಿಂದ ಅದನ್ನ ನೋಡಾಕ ಹೋಗ್ತೀನಿ. ನಂದಿ ತೊಗಟಿ ನುಣ್ಣಗ, ಬೂದಿ ಬಿಳುಪು, ಹಪ್ಪಳದಂಗ ತೆಳ್ಳಗ ಸುಲಕೋತ ಇರ್ತೈತಿ. ಮಳಿ ಗಾಳಿ ಜೋಡಿ ಒಂದ ಕಡೆಯಿಂದ ಹೊಡದಾಗ ಆ ಬೊಡ್ಡಿ ಅರ್ಧಾ ಕರ್ರಗ ತೊಯ್ದು ಅರ್ಧಾ ಒಣಗಿ ಬೆಳ್ಳಗ ಉಳೀತೈತಿ, ನಡುವ ಯಾರೋ ಗೆರಿ ಎಳದಂಗ, ಆ ಗೆರಿ ಗುಂಟ ಒಂದ ಎಳಿ ನೀರು ಇಳಕೋತ ಬರ್ತೈತಿ. ಮೊದಲ್ನೇ ಮೂರು ಸಲ ಹೋದಾಗ ನಾ ಇದನ್ನ ನೋಡೇ ಇರ್ಲಿಲ್ಲ. ಈಗ ಮಳಿ ಯಾವ ದಿಕ್ಕಿನಿಂದ ಬರಾಕತ್ತೇತಿ ನೋಡಿ ಗಾಡಿ ನಿಲ್ಲಸ್ತೀನಿ.

ಪ್ರಶ್ನೆ: ಎಡಿಟಿಂಗ್ ಮಾಡಿದ್ರ ಹಸಿರು ಪ್ಲಾಸ್ಟಿಕ್ ಆಗ್ತೈತ್ರಿ, ಮಾಡ್ಲಿಲ್ಲಂದ್ರ ಸಪ್ಪಗ ಇರ್ತೈತಿ. ನಾ ಫೋಟೋ ತಿದ್ದಾಕ ಲೈಟ್‌ರೂಮ್ ಸಾಫ್ಟ್‌ವೇರ್ ಬಳಸ್ತೀನಿ, ಯಾವ ಸ್ಲೈಡರ್ ಎಷ್ಟಿಡ್ಬೇಕು ಹೇಳ್ರಿ.
(ಓದುಗರು, ಖಾನಾಪುರ)

ಉತ್ತರ: ನಿಮ್ಮ ಪ್ರಶ್ನೆಗೆ ನನ್ನದ ಒಂದು ಪ್ರಸಂಗ ಹೇಳ್ಬೇಕು. ಕೆಲವು ವರ್ಷದ ಹಿಂದ ನಾ ನಿಮ್ಮ ಖಾನಾಪುರದ ಕಡೆ ತಗದ ಒಂದು ಅಡವಿ ಫೋಟೋ 20 ಇಂಚು ಅಗಲ ಪ್ರಿಂಟ್ ಹಾಕಿ ಲ್ಯಾಬಿನ ಮುಂದ ತೂಗ ಹಾಕಿದ್ದೆ. ಎಲ್ಲಾರೂ ಚಲೋ ಐತಿ ಅಂದ್ರು. ಆ ಕಡೆ ಅಡವ್ಯಾಗ ಜನ್ಮಾ ತಗದ ಒಬ್ಬರು ಹಿರೇರು ಮೊಮ್ಮಗನ ಪಾಸ್‌ಪೋರ್ಟ್ ಫೋಟೋಕ್ಕ ಬಂದಿದ್ರು, ಫೋಟೋ ಮುಂದ ಭಾಳ ಹೊತ್ತು ನಿಂತು, "ಇದು ಯಾವ ಊರಿನ ಅಡವಿ ತಂಗೀ" ಅಂತ ಕೇಳಿದ್ರು. ನಾ ಜಾಗಾ ಹೇಳ್ದೆ. "ಹಂಗಾರ ಅಲ್ಲೆ ನೆಳ್ಳ ಎಲ್ಲಿ ಹೋತು?" ಅಂದ್ರು. ನಾ ನೆಳ್ಳ ತಿಳಿ ಮಾಡೋ ಶ್ಯಾಡೋ ಸ್ಲೈಡರ್ +90 ಎಳದಿದ್ದೆ, ಹಸಿರು ಸ್ಯಾಚುರೇಶನ್ (ಬಣ್ಣ ಎಷ್ಟು ಕಡು ಅನ್ನೋದು) +35. ಅವರು ಹೋದ ಮ್ಯಾಲ ಆ ಪ್ರಿಂಟ್ ಇಳಿಸಿಟ್ಟೆ. ಅವತ್ತಿನಿಂದ ನಾ ಅಡವಿ ಎಡಿಟ್ ಮಾಡೋ ರೀತೀನ ಬದ್ಲಿ ಆತು, ಅಡವ್ಯಾಗ ಕತ್ತಲಿ ಇದ್ದದ್ದು ಫೋಟೋದಾಗೂ ಇರ್ಬೇಕು ಅನ್ನೋದು ಮೊದಲ್ನೇ ನಿಯಮ.

ಈಗ ಸ್ಲೈಡರ್. ಮೊದ್ಲು ಫೋಟೋ ರಾ ಫೈಲ್‌ನ್ಯಾಗ (ಕ್ಯಾಮೆರಾ ತಿದ್ದದ ಮೂಲ ಫೈಲ್) ತಗದಿರ್ಬೇಕು, ಲೈಟ್‌ರೂಮ್‌ನ್ಯಾಗ ಕ್ಯಾಮೆರಾದ ಲ್ಯಾಂಡ್‌ಸ್ಕೇಪ್, ವಿವಿಡ್ ಪ್ರೊಫೈಲ್ ಬಿಟ್ಟು ನ್ಯೂಟ್ರಲ್ ಥರದ್ದು ಹಿಡೀರಿ, ಇಲ್ಲಂದ್ರ ನೀವು ಮುಟ್ಟೋಕಿಂತ ಮೊದ್ಲ ಹಸಿರು ಉಬ್ಬಿರ್ತೈತಿ. ಆಮ್ಯಾಲ ವೈಟ್ ಬ್ಯಾಲೆನ್ಸ್. ಗಿಡದ ಚಪ್ಪರದ ಕೆಳಗ ಬರೋ ಬೆಳಕು ಎಲಿ ಒಳಗಿಂದ ಸೋಸಿ ಬಂದಿರ್ತೈತಿ, ಅದಕ್ಕ ಬೊಡ್ಡಿ, ಕಲ್ಲು, ಮಣ್ಣು ಎಲ್ಲಾಕ್ಕೂ ಹಸಿರು ಛಾಯೆ ಹತ್ತಿರ್ತೈತಿ. ಎಲಿ ನೋಡಬ್ಯಾಡ್ರಿ, ಬೊಡ್ಡಿ ನೋಡ್ಕೋತ ಟಿಂಟ್ ಸ್ಲೈಡರ್ ತುಸು ಮೆಜೆಂಟಾ ಕಡೆ, ಅಂದ್ರ ಇದ್ದದ್ದಕ್ಕ ಒಂದು 5, 10 ಕೂಡಿಸಿ ಸರಸ್ರಿ. ಬೊಡ್ಡಿ ಬೊಡ್ಡಿ ಬಣ್ಣಕ್ಕ ಬಂತಂದ್ರ ಎಲೀನೂ ಅರ್ಧಾ ಸುಧಾರಸ್ತೈತಿ.

ಆಮ್ಯಾಲ ಬಣ್ಣದ ಪ್ಯಾನೆಲ್. ಇಲ್ಲಿ ಮಂದಿ ಹಸಿರು ಸ್ಲೈಡರ್‌ಗ ಕೈ ಹಾಕ್ತಾರ, ಎಲಿ ಬಣ್ಣ ಹೆಚ್ಚಾಗಿ ಇರೋದು ಹಳದಿ ಸ್ಲೈಡರ್‌ನ್ಯಾಗ. ಹಳದಿ ಸ್ಯಾಚುರೇಶನ್ ಒಂದು 15, 20 ಇಳಸ್ರಿ, ಹಸಿರು 10, 15 ಇಳಸ್ರಿ, ಎರಡರ ಲ್ಯೂಮಿನನ್ಸೂ (ಆ ಬಣ್ಣದ ಬೆಳಕು) ಚೂರು ಕೆಳಗ ತರ್ರಿ. ಮೊದ್ಲ ಐದು ಮಿನಿಟ್ ಸಪ್ಪಗ ಕಾಣಸ್ತೈತಿ, ಎದ್ದು ಒಂದು ಚಾ ಕುಡದು ಬರ್ರಿ, ಬಂದು ನೋಡಿದ್ರ ಇದ ಖರೇ ಅನಸ್ತೈತಿ, ಹಳೇದು ನೋಡಿದ್ರ ಕಣ್ಣಿಗೆ ಹೊಡೀತೈತಿ. ಅಂಕಿ ನಾ ಅಂದಾಜಿಗೆ ಹೇಳಿದ್ದು, ಜೂನ್‌ನ್ಯಾಗ ಚಿಗುರಿನ ಹಸಿರು ಬ್ಯಾರೆ, ಸೆಪ್ಟೆಂಬರ್‌ನ್ಯಾಗ ಬಲತ ಎಲಿ ಹಸಿರು ಬ್ಯಾರೆ, ಒಂದ ಪ್ರಿಸೆಟ್ ಎರಡಕ್ಕೂ ಹಾಕಬ್ಯಾಡ್ರಿ.

ಕ್ಲ್ಯಾರಿಟಿ, ಟೆಕ್ಸ್ಚರ್ ಇಡೀ ಫೋಟೋಕ್ಕ ಏರಿಸಿದ್ರ ಎಲಿ ಎಲ್ಲಾ ತಂತಿ ಆಗ್ತಾವ, ಬೊಡ್ಡಿಗೆ ಮಾತ್ರ ಮಾಸ್ಕ್ ಮಾಡಿ, ಅಂದ್ರ ಅಷ್ಟ ಭಾಗ ಆರಿಸಿ ಕೊಡ್ರಿ. ಡೀಹೇಜ್ ಅಂತೂ ಮುಟ್ಟಲೇಬ್ಯಾಡ್ರಿ ಅನ್ನಂಗಿಲ್ಲ, ಮುಟ್ಟಿದ್ರ ಕೆಳಗ ಎಳೀರಿ, -5, -10. ಮಂಜು ನೋಡ್ಲಿಕ್ಕಂತ ನಸುಕಿನ್ಯಾಗ ಎದ್ದು 40 ಕಿಲೋಮೀಟರ್ ಹೋಗಿ ಮನಿಗೆ ಬಂದು ಆ ಮಂಜನ್ನ ಅಳಿಸಿ ಒಗದ್ರ ಹೆಂಗ್ರಿ.

ಕಡೀಕ ಡಾಡ್ಜ್ ಮತ್ತ ಬರ್ನ್. ಇದು ಹಳೇ ಡಾರ್ಕ್‌ರೂಮಿನ ಪದ್ಧತಿ, ಕಾಗದದ ಮ್ಯಾಲ ಬೆಳಕು ಬೀಳೋವಾಗ ಕೈಯಿಂದ ಒಂದು ಕಡೆ ಮರೆ ಮಾಡಿ ತಿಳಿ ಉಳಸೋದು, ಇನ್ನೊಂದು ಕಡೆ ಹೆಚ್ಚು ಹೊತ್ತು ಬೆಳಕು ಬಿಟ್ಟು ದಟ್ಟ ಮಾಡೋದು. ಅಮೆರಿಕದ ಆನ್ಸೆಲ್ ಆಡಮ್ಸ್ ಒಂದೊಂದು ಪ್ರಿಂಟ್‌ಗೂ ಈ ಕೆಲಸ ಮಾಡ್ತಿದ್ರು. ಈಗ ಬ್ರಶ್ ಮಾಸ್ಕ್‌ನ್ಯಾಗ ಕೈ ಹಗುರ ಇಟ್ಟು ನಿಮ್ಮ ಮುಖ್ಯ ಗಿಡಕ್ಕ ಕಾಲು ಸ್ಟಾಪ್ ಬೆಳಕು ಕೂಡಸ್ರಿ, ಅಂಚಿನ ಕಂಟಿಗೆ ಅರ್ಧಾ ಸ್ಟಾಪ್ ಕಡಿಮಿ ಮಾಡ್ರಿ. ಕಣ್ಣಿಗೆ ದಾರಿ ಸಿಗ್ತೈತಿ. ಈಗಿನ ಮಂದಿ ಮೆತ್ತಗ ಹೊಳಪು ಬರೋ ಹಂಗ ಮಾಡೋ ಆರ್ಟನ್ ಎಫೆಕ್ಟ್ ಬಗ್ಗೇನೂ ಇಬ್ಬರು ಕೇಳ್ಯಾರ. ಅದು ಮೈಕೆಲ್ ಆರ್ಟನ್ ಅನ್ನೋ ಫೋಟೋಗ್ರಾಫರ್ 1980ರ ದಶಕದಾಗ ಎರಡು ಸ್ಲೈಡ್ ಒಂದರ ಮ್ಯಾಲೊಂದು ಇಟ್ಟು ಮಾಡಿದ್ದು, ಒಂದು ಸ್ಪಷ್ಟ ಇರೋದು, ಇನ್ನೊಂದು ಫೋಕಸ್ ಬಿಟ್ಟದ್ದು. ಈಗ ಬ್ಲರ್ ಮಾಡಿದ ಲೇಯರ್ ಮ್ಯಾಲಿಟ್ಟು ಓಪ್ಯಾಸಿಟಿ (ಆ ಲೇಯರ್ ಎಷ್ಟು ದಟ್ಟ ಕಾಣಬೇಕು ಅನ್ನೋದು) 10, 15ಕ್ಕ ಇಳಸ್ತಾರ. ಮಂಜಿನ ಫೋಟೋಕ್ಕ ಒಪ್ಪತೈತಿ, ಬಿಸಲಿನ ಫೋಟೋಕ್ಕ ಹಾಕಿದ್ರ ಕನ್ನಡಕ ಒರಸಬೇಕು ಅನಸ್ತೈತಿ.

ಪ್ರಶ್ನೆ: ಚೋರ್ಲಾ ಘಾಟ್‌ನ್ಯಾಗ ಕಾರಿನಿಂದ ಇಳದು ಕ್ಯಾಮೆರಾ ತಗದ ಕೂಡ್ಲೆ ಲೆನ್ಸ್ ಪೂರಾ ಬೆವತು ಬಿಡ್ತು. ಲೆನ್ಸ್ ಕೆಟ್ಟಿತೇನ್ರಿ?
(ಓದುಗರು, ಶಹಾಪುರ, ಬೆಳಗಾವಿ)

ಉತ್ತರ: ಕೆಟ್ಟಿಲ್ರಿ. ಕಾರಿನ ಎಸಿಗೆ ಲೆನ್ಸ್ ತಣ್ಣಗಾಗಿರ್ತೈತಿ, ಹೊರಗಿನ ಹಸಿ ಗಾಳಿ ಅದಕ್ಕ ತಾಗಿದ ಕೂಡ್ಲೆ ನೀರಾಗಿ ಕೂಡ್ತೈತಿ, ತಣ್ಣನ ನೀರಿನ ತಂಬಿಗಿ ಹೊರಗ ಬೆವತಂಗ. ನನಗೂ ಹಿಂಗಾಗಿ ಒರಸ್ಕೋತ ಒರಸ್ಕೋತ ಬೆಳಗಿನ ಅರ್ಧಾ ತಾಸು ಹೋತು, ಅಷ್ಟರಾಗ ಮಂಜು ಏರಿ ಹೋತು. ಜಾಗಾ ಬರೋಕಿಂತ ಅರ್ಧಾ ತಾಸು ಮೊದ್ಲ ಎಸಿ ಬಂದ್ ಮಾಡಿ ಕಿಡಕಿ ತಗೀರಿ, ಚೀಲ ಬಾಯಿ ಮುಚ್ಚಿನ ಇರ್ಲಿ. ಮನಿಗೆ ಬಂದ ಮ್ಯಾಲ ಡಬ್ಯಾಗ ಸಿಲಿಕಾ ಜೆಲ್ ಹಾಕಿ ಇಡ್ರಿ, ನಮ್ಮ ಮಳಿಗಾಲಕ್ಕ ಲೆನ್ಸ್ ಒಳಗ ಬೂಸಣ ಬಂತಂದ್ರ ತಗ್ಯೋದು ಭಾಳ ತ್ರಾಸು.

ಪ್ರಶ್ನೆ: ಅಕ್ಕಾ, ನನ್ನ ಕಡೆ ಕ್ಯಾಮೆರಾ ಇಲ್ಲ, ಫೋನ್ ಅಷ್ಟ ಐತಿ. ಭೂತನಾಳ ಕೆರಿ ಕಡೆ ಗಿಡದ ಸಾಲಿನ ಫೋಟೋ ತಗೀತೀನಿ. ಫೋನ್‌ನ್ಯಾಗ ಇದೆಲ್ಲಾ ಆಗ್ತೈತೇನು?
(ಕಾಲೇಜ್ ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಆಗ್ತೈತಿ ತಂಗಿ, ನೀ ಕಳಿಸಿದ ಮೂರರಾಗ ಎರಡನೇದು ನನಗ ಭಾಳ ಸೇರ್ತು. ಸಂಜೀಮುಂದ ಬೇವಿನ ಬೊಡ್ಡಿ ನೆಳ್ಳ ಉದ್ದಕ ನೆಲದ ಮ್ಯಾಲ ಬಿದ್ದದ್ದು, ಒಂದು ನಾಯಿ ಆ ನೆಳ್ಳ ದಾಟೋದು. ಅದನ್ನ ನೀ ಕಾದು ತಗದಿ ಅನ್ನೋದು ಗೊತ್ತಾಗ್ತೈತಿ.

ಫೋನಿನ ಮುಖ್ಯ ತೊಂದ್ರಿ ಅದರ ಜಾಣತನ. ಸೀನ್ ಆಪ್ಟಿಮೈಜರ್, ಎಐ ಕ್ಯಾಮೆರಾ ಅಂತೆಲ್ಲಾ ಸೆಟ್ಟಿಂಗ್ ಇರ್ತಾವ, ಗಿಡ ಕಂಡ ಕೂಡ್ಲೆ ಹಸಿರು ಏರಸ್ತಾವ, ನೆಳ್ಳ ತಿಳಿ ಮಾಡ್ತಾವ. ಮೊದ್ಲು ಅದನ್ನ ಬಂದ್ ಮಾಡು. ಆಮ್ಯಾಲ 0.5 ಅಗಲ ಲೆನ್ಸ್ ಬಿಟ್ಟು 2 ಇಲ್ಲಾ 3 ಬರೋ ಲೆನ್ಸ್ ಇದ್ರ ಅದರಾಗ ತಗಿ. ಸ್ಕ್ರೀನ್ ಮ್ಯಾಲ ಬೊಡ್ಡಿ ಇರೋ ಕಡೆ ಒತ್ತಿ ಹಿಡದ್ರ ಫೋಕಸ್, ಬೆಳಕು ಎರಡೂ ಲಾಕ್ ಆಗ್ತಾವ, ಆಗ ಬಾಜೂಕ ಬರೋ ಸೂರ್ಯನ ಗುರ್ತು ಕೆಳಗ ಎಳದು ತುಸು ಕತ್ತಲಿ ಮಾಡಿ ತಗಿ. ಪ್ರೊ ಮೋಡ್‌ನ್ಯಾಗ ರಾ ಸಿಗ್ತಿದ್ರ ಇನ್ನೂ ಚಲೋ. ಸ್ನ್ಯಾಪ್‌ಸೀಡ್ ಅನ್ನೋ ಎಡಿಟಿಂಗ್ ಆ್ಯಪ್ ರೊಕ್ಕ ಇಲ್ದ ಸಿಗ್ತೈತಿ, ಅದರಾಗ ಸೆಲೆಕ್ಟಿವ್ ಅನ್ನೋ ಟೂಲ್ ಐತಿ, ಬೊಡ್ಡಿ ಮ್ಯಾಲ ಒಂದು ಚುಕ್ಕಿ ಇಟ್ಟು ಅಷ್ಟಕ್ಕ ಬೆಳಕು ಏರಸಬಹುದು. ಎಚ್‌ಡಿಆರ್ ಸ್ಕೇಪ್ ಟೂಲ್ ಅಡವಿಗೆ ಹಾಕಬ್ಯಾಡ. ಎಡಿಟ್ ಮಾಡೋವಾಗ ಫೋನಿನ ಬ್ರೈಟ್‌ನೆಸ್ ಅರ್ಧಾಕ್ಕ ಇರ್ಲಿ, ಕಣ್ಣಿಗೆ ತಂಪು ಮಾಡೋ ಹಳದಿ ಲೈಟ್ ಬಂದ್ ಇರ್ಲಿ, ಇಲ್ಲಂದ್ರ ಎಲ್ಲಾ ಬಣ್ಣ ತಪ್ಪತಾವ.

ಪ್ರಶ್ನೆ: ನೀವೆಲ್ಲಾ ಘಟ್ಟದ ಅಡವಿ ಬಗ್ಗೇನ ಬರೀತೀರಿ. ನಮ್ಮ ಕಡೆ ಏನೈತ್ರಿ, ಜಾಲಿ ಕಂಟಿ, ಕಲ್ಲು, ಧೂಳ. ಸಾಲಿ ಮಕ್ಕಳಿಗೆ ನಮ್ಮೂರಿನ ಗಿಡದ ಫೋಟೋ ತಗದು ತೋರಿಸ್ಬೇಕಂತ ಆಸೆ ಐತಿ, ಎಲ್ಲಿಂದ ಸುರು ಮಾಡ್ಲಿ?
(ಶಿಕ್ಷಕರು, ಬೀಳಗಿ)

ಉತ್ತರ: ಗುರುಗಳೇ, ನಿಮ್ಮ ಮಾತು ಒಪ್ಪಿದೆ, ಘಟ್ಟದ ಬಗ್ಗೆ ಹೆಚ್ಚು ಬರದದ್ದು ನನ್ನ ತಪ್ಪು. ಆದ್ರ ಏನೂ ಇಲ್ಲ ಅನ್ನಬ್ಯಾಡ್ರಿ. ನಿಮ್ಮ ಬೀಳಗಿ, ಮುಧೋಳ ತಾಲೂಕಿನ್ಯಾಗ ಯಡಹಳ್ಳಿ ಚಿಂಕಾರ (ಒಂದು ನಮೂನಿ ಜಿಂಕಿ) ಧಾಮ ಐತಿ, 2016ರಾಗ ಅಭಯಾರಣ್ಯ ಅಂತ ಘೋಷಣೆ ಆಗೇತಿ, ಅದು ಪೂರಾ ಕುರುಚಲು ಅಡವೀನ. ಒಳಗ ಹೋಗ್ಬೇಕಂದ್ರ ಅರಣ್ಯ ಇಲಾಖೆಯೋರನ್ನ ಕೇಳಿ ಹೋಗ್ರಿ.

ಒಣ ಅಡವಿ ಫೋಟೋದ ಗುಟ್ಟು ಎದುರು ಬೆಳಕು. ಸೂರ್ಯ ಮುಳಗೋಕಿಂತ ಅರ್ಧಾ ತಾಸು ಮೊದ್ಲು ಕರಿಜಾಲಿ ಗಿಡದ ನೆಳ್ಳಿನ್ಯಾಗ ನಿಂತು ಸೂರ್ಯನ ಕಡೆ ನೋಡ್ರಿ. ಅದರ ಜೋಡಿ ಜೋಡಿ ಬಿಳಿ ಮುಳ್ಳಿಗೆ ಒಂದೊಂದಕ್ಕೂ ಬೆಳಕಿನ ಅಂಚು ಹತ್ತೇತಿ, ಅರಿಷಿಣ ಗುಂಡಿಯಂಥ ಹೂವು ಒಳಗಿನಿಂದ ದೀಪ ಹಚ್ಚಿದಂಗ ಕಾಣಸ್ತೈತಿ. ಹಿಂದ ಕರ್ರಗಿನ ನೆಳ್ಳ ಬರೋ ಹಂಗ ನಿಂತ್ಕೊಳ್ರಿ, ಎಕ್ಸ್‌ಪೋಶರ್ -1 ಇಡ್ರಿ, ಆ ಮುಳ್ಳಷ್ಟ ಉಳೀತಾವ. ದನಾ ಮನಿಗೆ ಹೊಳ್ಳೋ ಹೊತ್ತಿಗೆ ಏಳೋ ಧೂಳ ಐತೆಲ್ಲ, ನಿಮಗ ಅದ ಮಂಜು. ಘಟ್ಟದಾಗ ನಾವು ಮಂಜಿಗೆ ಕಾಯ್ತೀವಿ, ನಿಮಗ ದಿನಾ ಸಂಜೀಕ ಬರ್ತೈತಿ.

ಯುಗಾದಿ ಮುಂದ ಬೇವು ಚಿಗತಾಗ ಹೋಗ್ರಿ, ಎಳಿ ಎಲಿ ತಾಮ್ರದ ಬಣ್ಣಕ್ಕಿರ್ತಾವ, ಮಕ್ಕಳಿಗೆ ತೋರಿಸಿದ್ರ ಬೇವು ಕೆಂಪಿರ್ತೈತಿ ಅನ್ನೋದು ನಂಬಂಗಿಲ್ಲ. ಅದಕ್ಕಿಂತ ತುಸು ಮೊದ್ಲು, ಫೆಬ್ರುವರಿ ಮಾರ್ಚ್‌ನ್ಯಾಗ ಮುತ್ತಲ ಗಿಡ ಎಲಿ ಉದರಿಸಿ ಬರೇ ಹೂವಾಗಿ ನಿಲ್ತೈತಿ. ಬಾದಾಮಿ, ಐಹೊಳೆ ಕಡೆ ಕೆಂಪು ಮರಳುಗಲ್ಲಿನ ಬಂಡಿ ಬಾಜೂಕ ಗಿಡ ಇದ್ರ ಆ ಕಲ್ಲಿನ ಬೆಳಕು ಎಲಿ ಅಡಿಗೆ ತಾಗಿ ಬೆಚ್ಚನ ಬಣ್ಣ ಬರ್ತೈತಿ, ಐಹೊಳೆ ಹತ್ರ ಸಿದ್ಧನಕೊಳ್ಳದಾಗ ಮಳಿ ಆದ ಮರುದಿನ ಹೋಗಿ ನೋಡ್ರಿ. ಎಡಿಟ್ ಮಾಡೋವಾಗ ವೈಟ್ ಬ್ಯಾಲೆನ್ಸ್ ಆಟೋ ಬ್ಯಾಡ, ಡೇಲೈಟ್‌ಗ ಇಡ್ರಿ, ಆಟೋ ಆ ಬೆಚ್ಚನ ಬಣ್ಣಾನ ತೊಳದು ಹಾಕ್ತೈತಿ. ಮತ್ತ ಮಕ್ಕಳಿಗೆ ಇನ್ನೊಂದು ಹೇಳ್ರಿ, ನಾ ಮ್ಯಾಲ ಬರದ ಕಣಕುಂಬಿ ಅಡವ್ಯಾಗ ಹುಟ್ಟೋ ಮಲಪ್ರಭಾನ ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಾಗ ಕೃಷ್ಣಾಕ್ಕ ಕೂಡ್ತಾಳ, ಆ ಅಡವೀನೂ ಅವರದ ಐತಿ.

ಪ್ರಶ್ನೆ: ಟ್ರೈಪಾಡ್ ಇಟ್ರೂ ಎಲಿ ಎಲ್ಲಾ ಅಲಗಾಡಿ ಮಸುಕಾಗ್ತಾವ.
(ಓದುಗರು, ಗೋಕಾಕ)

ಉತ್ತರ: ಟ್ರೈಪಾಡ್ ಕ್ಯಾಮೆರಾ ಹಿಡೀತೈತಿ, ಗಾಳಿ ಹಿಡಿಯಂಗಿಲ್ರಿ. ಐಎಸ್‌ಓ (ಬೆಳಕು ಹಿಡಿಯೋ ಸೂಕ್ಷ್ಮತೆ) 800, 1600 ಏರಸ್ರಿ, ಶಟರ್ 1/125 ಸೆಕೆಂಡ್ ಇಲ್ಲಾ ಅದಕ್ಕಿಂತ ಲಗೂ ಇಡ್ರಿ, ಲೆನ್ಸಿನ ಕಿಂಡಿ ಎಫ್ 8 ಸಾಕು. ಸ್ವಲ್ಪ ಕಾಳು ಕಾಳು ಬಂದ್ರ ಬರ್ಲಿ, ಅಲಗಿದ ಎಲಿಗಿಂತ ವಾಸಿ. ನಸುಕಿನ್ಯಾಗ ಗಾಳಿ ಕಡಿಮಿ ಇರ್ತೈತಿ, ಹತ್ತು ಗಂಟೆಕ್ಕ ಹೋಗಿ ಗಾಳಿ ಜೋಡಿ ಜಗಳಾಡಬ್ಯಾಡ್ರಿ.

ಪ್ರಶ್ನೆ: ಮೇಡಂ, ಈಗ ಎಐ ಆ್ಯಪ್‌ನ್ಯಾಗ ಒಂದ ಬಟನ್ ಒತ್ತಿದ್ರ ಮಂಜು ಬರ್ತೈತಿ, ಸೂರ್ಯನ ಕಿರಣ ಬರ್ತಾವ, ಬ್ಯಾಡಾದ ಟೊಂಗಿ ಹೋಗ್ತೈತಿ. ಇದು ತಪ್ಪೇನ್ರಿ? ಗೆಳ್ಯಾರೆಲ್ಲಾ ಮಾಡ್ತಾರ.
(ವಿದ್ಯಾರ್ಥಿ, ಬೆಳಗಾವಿ)

ಉತ್ತರ: ತಮ್ಮಾ, ನಾ ಎಲ್ಲಿ ಗೆರಿ ಹಾಕೀನಿ ಅನ್ನೋದ ಹೇಳ್ತೀನಿ, ನೀನೂ ನಿನ್ನ ಗೆರಿ ಹಾಕ್ಕೊ. ಬಿದ್ದ ಕುರಕುರೆ ಪಾಕೀಟು, ಅಂಚಿನ್ಯಾಗ ಬಂದ ಒಂದು ಒಣ ಕಡ್ಡಿ ಇಂಥಾದ್ದನ್ನ ಹೀಲಿಂಗ್ ಬ್ರಶ್‌ಲೆ ತಗೀತೀನಿ. ಖರೇ ಅಂದ್ರ ಆ ಪಾಕೀಟು ಅಲ್ಲೇ ಕೈಲೆ ಎತ್ತಿ ಚೀಲದಾಗ ಹಾಕ್ಕೊಂಡು ಬರೋದು ಇನ್ನೂ ಛಲೋ. ಬೆಳಕು, ಕತ್ತಲಿ, ಬಣ್ಣ ತಿದ್ದತೀನಿ. ಇಲ್ಲದ ಮಂಜು ತರಂಗಿಲ್ಲ. ಆ ಮುಂಜಾನೆ ಮಂಜು ಇರ್ಲಿಲ್ಲ ಅಂದ್ರ ಇರ್ಲಿಲ್ಲ, ಮತ್ತೊಮ್ಮೆ ಹೋಗ್ಬೇಕು. ಯಾಕಂದ್ರ ನನ್ನ ಫೋಟೋ ನೋಡಿ ಯಾರೋ ಒಬ್ಬರು ಜಾಂಬೋಟಿ ಅಡವಿ ಹಿಂಗಿರ್ತೈತಿ ಅಂತ ನಂಬತಾರ, ಆ ನಂಬಿಕಿಗೆ ನಾ ಜವಾಬ್ದಾರಿ. ಸ್ಪರ್ಧೆಕ್ಕ ಕಳಸೋದಾದ್ರ ನಿಯಮ ಓದು, ಭಾಳ ಕಡೆ ಮೂಲ ರಾ ಫೈಲ್ ಕೇಳ್ತಾರ, ಕೂಡಿಸಿದ್ದು ಸಿಕ್ರ ಹೊರಗ ಹಾಕ್ತಾರ.

ಇದರ ಜೋಡಿ ಇನ್ನೊಂದು ಹೇಳ್ಬೇಕು, ಅದು ನನಗ ಎಐಕಿಂತ ಹೆಚ್ಚು ಸಿಟ್ಟು ತರೋ ವಿಷಯ. ಅಡ್ಡ ಬಂತಂತ ಜೀವಂತ ಟೊಂಗಿ ಮುರಿಯೋದು, ಸಸಿ ತುಳದು ಜಾಗಾ ಮಾಡ್ಕೊಳ್ಳೋದು ನಾ ಕಣ್ಣಾರೆ ಕಂಡೀನಿ. ಹಂಗ ಮಾಡಬ್ಯಾಡ, ಒಂದು ಹೆಜ್ಜಿ ಸರಿ, ಇಲ್ಲಾ ಆ ಫೋಟೋ ಬಿಡು. ಖಾನಾಪುರ ತಾಲೂಕಿನ ಭೀಮಗಡ 2011ರಿಂದ ಅಭಯಾರಣ್ಯ, ಅನುಮತಿ ಇಲ್ದ ಒಳಗ ಹೋಗಂಗಿಲ್ಲ. ಅಲ್ಲಿ ಬಾರಾಪೇಡೆ ಗವ್ಯಾಗ ಇರೋ ರಾಟನ್ಸ್ ಬಾವಲಿ ಜಗತ್ತಿನ್ಯಾಗ ಭಾಳ ಕಡಿಮಿ ಕಡೆ ಇರೋ ಜೀವ. ಫ್ಲ್ಯಾಶ್ ಹೊಡದು ಅಂಥಾದ್ದನ್ನ ಎಬ್ಬಸೋ ಫೋಟೋ ನಮಗ ಬ್ಯಾಡ, ಕಳಿಸಿದ್ರೂ ನಾವು ಛಾಪಸಂಗಿಲ್ಲ.

ಪ್ರಶ್ನೆ: ನಮ್ಮ ಅವ್ವ ಹುಟ್ಟಿ ಬೆಳದದ್ದು ಕಣಕುಂಬಿ ಬಾಜೂ ಹಳ್ಳ್ಯಾಗ, ಲಗ್ನ ಆಗಿ ಇಲ್ಲಿಗೆ ಬಂದು 40 ವರ್ಷ ಆತು. ಈಗ ಮೊಣಕಾಲ ನೋವು, ಹೋಗಾಕ ಆಗಂಗಿಲ್ಲ. ಹೋದ ತಿಂಗಳ ನಾ ಹೋಗಿ ಅಲ್ಲಿಯ ಗಿಡದ ಫೋಟೋ ತಗದು 12-18 ಇಂಚಿನ ಪ್ರಿಂಟ್ ಹಾಕಿಸಿದೆ. ಸ್ಕ್ರೀನ್ ಮ್ಯಾಲ ಚಂದಿತ್ತು, ಪ್ರಿಂಟ್ ಕರ್ರಗ ಬಂದೇತಿ. ಲ್ಯಾಬಿನವರು ಕೆಡಿಸಿದ್ರೇನ್ರಿ?
(ಓದುಗರು, ಜಮಖಂಡಿ)

ಉತ್ತರ: ಲ್ಯಾಬಿನವರದು ತಪ್ಪಿರ್ಲಿಕ್ಕಿಲ್ಲ. ಸ್ಕ್ರೀನು ತಾನ ಬೆಳಗತೈತಿ, ಕಾಗದ ಮನಿ ಬೆಳಕಿನ್ಯಾಗ ಬೆಳಗಬೇಕು. ನೀವು ಸ್ಕ್ರೀನ್ ಪೂರಾ ಬ್ರೈಟ್ ಇಟ್ಟು ಎಡಿಟ್ ಮಾಡೀರಿ, ಅದಕ್ಕ ನಿಮಗ ಕತ್ತಲ್ಯಾಗಿನ ವಿವರ ಎಲ್ಲಾ ಕಂಡೇತಿ. ನಾ ಮ್ಯಾಲ ಕತ್ತಲಿ ಇರ್ಲಿ ಅಂತ ಬರದೀನಿ, ಆದ್ರ ಪ್ರಿಂಟ್‌ಗ ಕಳಸೋ ಫೈಲ್ ಬ್ಯಾರೆ ಮಾಡ್ಬೇಕು. ಸ್ಕ್ರೀನ್ ಬ್ರೈಟ್‌ನೆಸ್ ಅರ್ಧಾಕ್ಕಿಂತ ಕಡಿಮಿ ಇಡ್ರಿ, ಬಾಜೂಕ ಒಂದು ಬಿಳಿ ಹಾಳಿ ಹಿಡೀರಿ, ಸ್ಕ್ರೀನಿನ ಬಿಳುಪು ಆ ಹಾಳಿ ಬಿಳುಪಿಗೆ ಸರಿಯಾಗೋ ತನಕ ಇಳಸ್ರಿ. ಈಗ ಫೋಟೋ ನೋಡಿದ್ರ ನಿಮ್ಮ ಪ್ರಿಂಟ್ ಹಂಗ ಕರ್ರಗ ಕಾಣಸ್ತೈತಿ. ಅಲ್ಲಿಂದ ಎಕ್ಸ್‌ಪೋಶರ್ ಕಾಲು, ಅರ್ಧಾ ಸ್ಟಾಪ್ ಏರಸ್ರಿ, ತೀರಾ ಕರಿ ಇರೋ ಬೊಡ್ಡಿ ಬುಡಕ್ಕ ತುಸು ಬೆಳಕು ಕೊಡ್ರಿ.

ಫೈಲ್ ಎಸ್‌ಆರ್‌ಜಿಬಿದಾಗ (ಎಲ್ಲಾ ಕಡೆ ನಡಿಯೋ ಬಣ್ಣದ ಮಾದರಿ) ಇರ್ಲಿ. 300 ಡಿಪಿಐ, ಅಂದ್ರ ಇಂಚಿಗೆ 300 ಚುಕ್ಕಿ ಲೆಕ್ಕಕ್ಕ 12-18 ಇಂಚಿಗೆ 3600, 5400 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕ ಅದು ಆರಾಮ್ ಸಿಗ್ತೈತಿ. ಅಡವಿ ಫೋಟೋಕ್ಕ ಗ್ಲಾಸಿ ಕಾಗದ ಬ್ಯಾಡ, ಮ್ಯಾಟ್ ಹಾಕಸ್ರಿ, ಮಂಜು, ಪಾಚಿ, ತೊಗಟಿ ಮ್ಯಾಟ್ ಮ್ಯಾಲ ಮೆತ್ತಗ ಕೂಡ್ತಾವ, ಕಿಡಕಿ ಬೆಳಕು ಹೊಳದು ಅವ್ವನ ಕಣ್ಣಿಗೂ ಹೊಡಿಯಂಗಿಲ್ಲ. ದೊಡ್ಡದು ಹಾಕಸೋಕಿಂತ ಮೊದ್ಲು 4-6 ಸೈಜಿನ್ಯಾಗ ಮೂರು ಹಾಕಸ್ರಿ, ಒಂದು ಇದ್ದಂಗ, ಒಂದು ತುಸು ತಿಳಿ, ಒಂದು ಇನ್ನೂ ತಿಳಿ. ಅವ್ವ ದಿನಾ ಕೂಡೋ ಜಾಗಾದಾಗ, ಅಲ್ಲಿಯ ಬೆಳಕಿನ್ಯಾಗ ಮೂರೂ ಮುಂದ ಇಟ್ಟು ಯಾವುದು ನಿಮ್ಮ ಊರಿನಂಗ ಐತಿ ಅಂತ ಅವ್ವನ್ನ ಕೇಳ್ರಿ, ನನ್ನನ್ನೂ ಕೇಳಬ್ಯಾಡ್ರಿ, ಲ್ಯಾಬಿನವರನ್ನೂ ಕೇಳಬ್ಯಾಡ್ರಿ. ಅವರು ತೋರಿಸಿದ್ದನ್ನ ದೊಡ್ಡದು ಮಾಡಸ್ರಿ, ನೇರ ಬಿಸಲ ಬೀಳದ ಗ್ವಾಡಿಗೆ ಹಾಕ್ರಿ. ಮತ್ತ ಫ್ರೇಮ್ ಹಾಕೋಕಿಂತ ಮೊದ್ಲ ಆ ಗಿಡಕ್ಕ ಅವರ ಊರಾಗ ಏನಂತಿದ್ರು ಕೇಳಿ, ಪ್ರಿಂಟಿನ ಹಿಂದ ಪೆನ್ಸಿಲ್‌ಲೆ ಬರದಿಡ್ರಿ.